ಕುಮಟೆಯವರೆಗೆ ಒಂದು ದಿನ

ಯುಗಾದಿ ಕಳೆದು ನಾಲ್ಕು ದಿನವಾಗಿತ್ತು. ಭಟ್ಕಳದಲ್ಲಿ ನೌಕರಿ ಮಾಡಿ, ನಿವೃತ್ತನಾಗಿ, ಅಲ್ಲಿಯೇ ನೆಲೆಸಿರುವ ನನಗೆ ಕುಮಟೆಯ ದಾರಿ ಹೊಸದೇನಲ್ಲ. ಆದರೆ ಇಪ್ಪತ್ತೈದು ವರ್ಷ ಆ ದಾರಿಯಲ್ಲಿ ಮೋಟಾರ್ ಸೈಕಲ್ ಓಡಿಸಿದ್ದೆಲ್ಲ ಕಚೇರಿಯ ಕೆಲಸಕ್ಕೆ. ಹಿಂದಿನ ಆಸನದಲ್ಲಿ ಕಡತಗಳ ಚೀಲ ಕುಳಿತಿತ್ತೇ ಹೊರತು ನನ್ನ ಶ್ರೀಮತಿ ಕುಳಿತಿರಲಿಲ್ಲ. “ಒಂದು ದಿನ ನನ್ನೂ ಕರಕೊಂಡು ಹೋಗ್ರಿ” ಎಂದು ಧಾರವಾಡ ಸೀಮೆಯ ಆಕೆ ಎಷ್ಟು ಸಲ ಕೇಳಿದ್ದಳೋ!

ಬೆಳಿಗ್ಗೆ ಇಷ್ಟಲಿಂಗ ಪೂಜೆ ಮುಗಿಸಿ, ರೊಟ್ಟಿಯ ಬುತ್ತಿ ಕಟ್ಟಿಕೊಂಡು ಹೊರಟೆವು. ಸುಮಾರು 60 ಕಿಲೋಮೀಟರಿನ ಹಾದಿ. ಗೇರುಮರಗಳಲ್ಲಿ ಹಣ್ಣು ತೂಗುತ್ತಿದ್ದವು. ದಾರಿಯಲ್ಲಿ ಕೊಂಡ ಸುರಗಿ ಹೂವಿನ ದಂಡೆಯ ಕಂಪು ನನ್ನ ಹಿಂದೆಯೇ ಬರುತ್ತಿತ್ತು. ಮುರುಡೇಶ್ವರದಲ್ಲಿ 123 ಅಡಿ ಎತ್ತರದ ಶಿವನನ್ನು ತಲೆಯೆತ್ತಿ ನೋಡಿದ ಆಕೆ, ಕೊರಳಿನ ಕರಡಿಗೆ ಮುಟ್ಟಿಕೊಂಡು, “ನನ್ನವ ಅಂಗೈಯಾಗ ಹಿಡಸ್ತಾನ” ಎಂದು ನಕ್ಕಳು.

ನಾನು ಹೇಳಹೊರಟದ್ದು ಬೇರೆ. ನನ್ನ ಬಲಗಣ್ಣಿಗೆ ಪೊರೆ ಬಂದು ಆರು ತಿಂಗಳಾಗಿತ್ತು. ವೈದ್ಯರ ಮಾತನ್ನು ಮನೆಯಲ್ಲಿ ತಿಳಿಸಿರಲಿಲ್ಲ. ತಿಳಿಸಿದರೆ ಗಾಡಿಯ ಕೀಲಿಕೈ ಕೈತಪ್ಪುವುದೆಂಬ ಅಂಜಿಕೆ.

ಕಾಸರಕೋಡು ದಾಟಿ ಶರಾವತಿಯ ಸೇತುವೆ ಏರಿದೆವು. ಬಲಬದಿಯಿಂದ ಲಾರಿಯೊಂದು ನಮ್ಮನ್ನು ಹಿಂದೆ ಹಾಕಿತು. ಅದರ ಗಾಳಿ ನೂಕಿ ಗಾಡಿ ಎಡಕ್ಕೆ ವಾಲಿದ ಮೇಲೆಯೇ ಲಾರಿ ಬಂದದ್ದು ನನಗೆ ತಿಳಿದದ್ದು. ಹೆಗಲ ಮೇಲೆ ಆಕೆಯದು ಉಡದ ಹಿಡಿತ. ಹೊನ್ನಾವರದಲ್ಲಿ ನೆರಳು ನೋಡಿ ನಿಲ್ಲಿಸಿದೆ.

“ಯಾವ ಕಣ್ಣು?” ಎಂದಳು.

ಅಂಗಿ ಒಗೆಯುವಾಗ ವೈದ್ಯರ ಚೀಟಿ ಸಿಕ್ಕಿತ್ತಂತೆ. ನಾನಾಗಿಯೇ ಹೇಳಲೆಂದು ಕಾದಿದ್ದಳಂತೆ. ಎಲ್ಲವನ್ನೂ ತಿಳಿದು ಹಿಂದೆ ಕುಳಿತು ಬಂದವಳ ಮುಖ ನೋಡಲು ನನಗೆ ಧೈರ್ಯ ಸಾಲಲಿಲ್ಲ.

ಕೆಳದಿ ಅರಸರ ಕಾಲದ ಕೋಟೆಯಿರುವ ಬಸವರಾಜದುರ್ಗದ ದ್ವೀಪವನ್ನು ದಂಡೆಯಿಂದ ತೋರಿಸಬೇಕೆಂದಿದ್ದೆ. ಅದನ್ನು ಕೈಬಿಟ್ಟು, ನಿಧಾನವಾಗಿ ಕುಮಟೆಯತ್ತ ಹೊರಟೆವು. “ಬಲಕ್ಕ ಬಸ್ಸು”, “ಲಾರಿ ಹೋಗಲಿ, ತಡೀರಿ” ಎಂದು ಆಕೆ ನನ್ನ ಬಲಗಣ್ಣಾದಳು. ಹಾಗೆ ಹೋದದ್ದು ಜಾಣತನವಲ್ಲ. ಓದುವ ಕಿರಿಯರು ಅದನ್ನು ಅನುಕರಿಸಬಾರದು.

ಕುಮಟಾ ಸೀಮೆಯಲ್ಲಿ ಹೆದ್ದಾರಿಯ ಬದಿಗೆ ಸಿಹಿ ಈರುಳ್ಳಿಯ ಗೊಂಚಲುಗಳು ತೂಗುತ್ತಿದ್ದವು. ಅಳ್ವೇಕೋಡಿ, ಹಂದಿಗೋಣಗಳ ಸುತ್ತ ಬೆಳೆಯುವ ಈರುಳ್ಳಿಯಿದು. ದಂಟು ಸಮೇತ ಹೆಣೆದು ಗಾಳಿಯಾಡುವಲ್ಲಿ ತೂಗುಹಾಕಿದರೆ ಮಳೆಗಾಲಕ್ಕೂ ಒದಗುತ್ತದೆ. ಮಾರುತ್ತಿದ್ದ ತಾಯಿಯೊಡನೆ ಆಕೆ ಅರ್ಧ ಗಂಟೆ ಚೌಕಾಸಿ ಮಾಡಿದಳು. ಬುತ್ತಿಯ ರೊಟ್ಟಿಗೆ ಒಂದನ್ನು ಗುದ್ದಿ ಒಡೆದು ತಿಂದೆವು. ಖಾರವೇ ಇಲ್ಲ! “ಉಳ್ಳಾಗಡ್ಡಿ ಅಂದರ ಕಣ್ಣಾಗ ನೀರು ಬರಬೇಕ್ರಿ” ಎಂದು ಆಕೆ ತಕರಾರು ತೆಗೆದಳು.

ಗಾಡಿಯನ್ನು ಕುಮಟೆಯ ಸ್ನೇಹಿತರ ಮನೆಯಲ್ಲಿ ಬಿಟ್ಟು, ಈರುಳ್ಳಿ ಹೊತ್ತು ರೈಲು ಹತ್ತಿದೆವು. ಹೊನ್ನಾವರದ ಬಳಿ ರೈಲು ಶರಾವತಿಯ ಮೇಲೆ ಬಂದಾಗ, ಎರಡು ಕಿಲೋಮೀಟರಿಗೂ ಮಿಗಿಲಾದ ಈ ಸೇತುವೆಯೇ ಕೊಂಕಣ ರೈಲುಮಾರ್ಗದಲ್ಲಿ ಅತ್ಯಂತ ಉದ್ದದ್ದೆಂದು ವಿವರಿಸತೊಡಗಿದೆ.

“ಅದಿರಲಿ, ಎಡಗಣ್ಣು ಮುಚ್ಚಿ ನೋಡ್ರಿ. ಏನು ಕಾಣಸ್ತದ?”

ಮುಚ್ಚಿದೆ. ನೀರೂ ಆಕಾಶವೂ ಒಂದೇ ಮಂಜು. ಹಾಗೆಂದೇ ಹೇಳಿದೆ.

“ಸೋಮವಾರ ದವಾಖಾನೆಗೆ ಹೋಗೂಣು” ಎಂದು ಆಕೆ ಈರುಳ್ಳಿಯ ಗೊಂಚಲನ್ನು ನನ್ನ ತೊಡೆಯ ಮೇಲಿಟ್ಟಳು.