ನಡುಮನೆಗೆ ಬಂದ ವಚನ

ಹನ್ನೆರಡನೆಯ ಶತಮಾನದ ಶರಣರ ವಚನಗಳು ಹಲವರು ಕೂಡಿ ನುಡಿದು, ಕೇಳಿ, ವಿಚಾರಿಸಿದ ಮಾತುಗಳು. ಅವುಗಳನ್ನು ಮನೆಮಂದಿಯೆಲ್ಲ ಕುಳಿತು ಕೇಳುವುದು ನಮ್ಮ ಕುಟುಂಬಗಳ ಹಳೆಯ ರೂಢಿ. 1834ರವರೆಗೆ ಲಿಂಗಾಯತ ಅರಸರಾದ ಹಾಲೇರಿ ವಂಶದವರು ಆಳಿದ ಕೊಡಗಿನಲ್ಲಿ, ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆಗಳ ಕಡೆ ಇಂದಿಗೂ ನಮ್ಮ ಸಮಾಜದ ಮನೆಗಳು ಹಲವಿವೆ. ಮಳೆಗಾಲದ ಸಂಜೆಗಳಲ್ಲಿ ಹೊರಗೆ ಹೋಗಲಾಗದ ಈ ಮನೆಗಳಿಗೆ ವಚನಗಾಯನಕ್ಕಿಂತ ಒಳ್ಳೆಯ ಸಂಗಾತಿ ಬೇರಿಲ್ಲ.

1979ರಲ್ಲಿ ಜಪಾನಿನ ಸೋನಿ ಸಂಸ್ಥೆಯ ವಾಕ್‌ಮನ್ ಬಂದ ಮೇಲೆ ಸಂಗೀತವನ್ನು ಜೇಬಿನಲ್ಲಿಟ್ಟು ಒಬ್ಬರೇ ಕೇಳುವುದು ಲೋಕಕ್ಕೆ ಸಾಮಾನ್ಯವಾಯಿತು. ನಮ್ಮ ಮನೆಯಲ್ಲಿಯೂ ಮಗನು ಪುಟ್ಟ ಪ್ಲೇಯರಿನಲ್ಲಿ ಮಲ್ಲಿಕಾರ್ಜುನ ಮನ್ಸೂರರ (1910-1992) ವಚನಗಾಯನವನ್ನು ತುಂಬಿಕೊಂಡು ಕಿವಿಗೆ ಇಯರ್‌ಫೋನ್ ಇಟ್ಟು ಕೇಳುತ್ತಿದ್ದನು. ಅದು ಸಂತೋಷದ ವಿಷಯವೇ. ಆದರೆ ನೂರಾರು ವಚನಗಳನ್ನು ಬಾಯಿಪಾಠವಾಗಿ ಬಲ್ಲ ನಮ್ಮ ತಾಯಿಯವರು ಅದೇ ಕೋಣೆಯಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು. ಮೊಮ್ಮಗನು ಏನು ಕೇಳುತ್ತಿರುವನೆಂಬುದೇ ಅವರಿಗೆ ತಿಳಿಯದು.

ಪ್ಲೇಯರನ್ನು ಹೊರಗಿನ ಸ್ಪೀಕರಿಗೆ ಜೋಡಿಸುವುದೇ ಇದಕ್ಕೆ ಪರಿಹಾರವೆಂದು ನಮಗೆ ತೋರಿತು. ಇಲ್ಲಿ ಒಂದು ಅಂಶ ತಿಳಿದಿರಬೇಕು. ಇಯರ್‌ಫೋನಿಗೆ ವ್ಯಾಟಿನ ಸಾವಿರದಲ್ಲಿ ಕೆಲವು ಭಾಗದಷ್ಟು ಶಕ್ತಿ ಸಾಕು; ಪ್ಲೇಯರು ಕೊಡುವುದೂ ಹೆಚ್ಚುಕಡಿಮೆ ಅಷ್ಟೇ. ಬರಿಯ ಸ್ಪೀಕರಿಗೆ ಅದನ್ನು ನೇರವಾಗಿ ಕೊಟ್ಟರೆ ಧ್ವನಿ ಕ್ಷೀಣವಾಗುವುದು. ನಡುವೆ ಆಂಪ್ಲಿಫೈಯರ್ ಇರಬೇಕು, ಇಲ್ಲವೇ ಸ್ಪೀಕರಿನೊಳಗೇ ಅದು ಅಡಕವಾಗಿರಬೇಕು.

ಅನೇಕ ಮನೆಗಳ ಹಳೆಯ ಮ್ಯೂಸಿಕ್ ಸಿಸ್ಟಂಗಳ ಹಿಂಬದಿಯಲ್ಲಿ ಕೆಂಪು, ಬಿಳಿ ಬಣ್ಣದ ಎರಡು ರಂಧ್ರಗಳಿರುತ್ತವೆ. ಒಂದು ತುದಿಯಲ್ಲಿ 3.5 ಮಿಲಿಮೀಟರ್ ಪಿನ್ನು, ಇನ್ನೊಂದು ತುದಿಯಲ್ಲಿ ಅದೇ ಬಣ್ಣದ ಎರಡು ಪಿನ್ನುಗಳಿರುವ ತಂತಿಯನ್ನು ತಂದರಾಯಿತು. ಕೆಂಪು ಬಲಕ್ಕೆ, ಬಿಳಿ ಎಡಕ್ಕೆ. ‘ಫೋನೋ’ ಎಂದು ಬರೆದಿರುವುದು ಗ್ರಾಮಫೋನ್ ತಟ್ಟೆಗಾಗಿ ಇರುವುದರಿಂದ ಅದನ್ನು ಬಿಟ್ಟು ‘ಆಕ್ಸ್’ ಎಂಬುದನ್ನು ಬಳಸಬೇಕು. ಆಂಪ್ಲಿಫೈಯರಿನ ಧ್ವನಿಯನ್ನು ಪೂರ್ಣ ತಗ್ಗಿಸಿ ಜೋಡಿಸಿ, ಪ್ಲೇಯರಿನ ಧ್ವನಿಯನ್ನು ಮುಕ್ಕಾಲಿನಷ್ಟಿಟ್ಟು, ಬಳಿಕ ಆಂಪ್ಲಿಫೈಯರಿನದನ್ನು ಮೆಲ್ಲಗೆ ಏರಿಸುವುದು ಒಳ್ಳೆಯದು. ಗುಂಯ್‌ಗುಡುವ ಸದ್ದು ಬಂದರೆ ಪ್ಲೇಯರಿನ ಚಾರ್ಜರನ್ನು ಕಳಚಿ ನೋಡಬೇಕು. ಗುಡುಗು ಸಿಡಿಲಿನ ಸೂಚನೆ ಕಂಡೊಡನೆ, ಸಿಡಿಲು ಹತ್ತಿರವಾಗುವ ಮೊದಲೇ, ಗೋಡೆಯ ಪ್ಲಗ್ಗನ್ನು ಕಿತ್ತಿಡುವುದು ಲೇಸು. ಕರೆಂಟು ಹೋಗುವ ದಿನಗಳಿಗೆ ಬ್ಯಾಟರಿಯ ಚಿಕ್ಕ ಸ್ಪೀಕರು ಅನುಕೂಲ.

ಧ್ವನಿಯು ನಡುಮನೆಗಷ್ಟೇ ಸಾಕು, ನೆರೆಮನೆಯವರೆಗೆ ಬೇಡ. 2000ದ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ಅನ್ಯರಿಗೆ ನೋವಾಗದಂತೆ ನಡೆಯುವುದು ಶರಣರ ಆಚಾರವೂ ಹೌದು.

ಈಗ ನಮ್ಮಲ್ಲಿ ಸಂಜೆಯ ಲಿಂಗಪೂಜೆಯಾದ ಬಳಿಕ ಅರ್ಧ ಗಂಟೆ ವಚನಶ್ರವಣ ನಡೆಯುತ್ತದೆ. ತಾಯಿಯವರು ನಡುನಡುವೆ ನಿಲ್ಲಿಸಲು ಹೇಳಿ, ಒಂದೊಂದು ಪದದ ಅರ್ಥವನ್ನು ಬಿಡಿಸುತ್ತಾರೆ. ಮಗನು ಪ್ರಶ್ನೆ ಕೇಳುತ್ತಾನೆ. ಕೆಲವಕ್ಕೆ ನಮ್ಮಲ್ಲಿಯೂ ಉತ್ತರವಿರುವುದಿಲ್ಲ, ಗ್ರಂಥವನ್ನು ತೆರೆಯುತ್ತೇವೆ. ತಾಯಿಯವರಿಗೆ ವಯಸ್ಸಾಗುತ್ತಿದೆ. ಅವರು ಬಲ್ಲುದನ್ನು ಮೊಮ್ಮಗನು ಅವರ ಬಾಯಿಂದಲೇ ಪಡೆಯಬೇಕಾದ ಕಾಲವಿದು. ಹಿರಿಯರಿರುವ ಮನೆಗಳವರು ಈ ಕೆಲಸವನ್ನು ಮುಂದೂಡದಿರಲೆಂದು ನಮ್ಮ ವಿನಂತಿ.