ಘಟ್ಟ ಹತ್ತುವ ಹಳೆಯ ಕಾರಿಗೆ ಯಾವ ಪಂಪು?

ಉತ್ತರ ಕನ್ನಡದ ಘಟ್ಟದ ಮೇಲಿನವರಿಗೆ ಕಾರು ಬರೀ ಶೋಕಿಯ ವಸ್ತುವಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಮನೆಗಳು ಒಂದೆಡೆ ಗುಂಪಾಗಿಲ್ಲ. ಅಡಿಕೆ ತೋಟದ ತಲೆಗೊಂದರಂತೆ ಚದುರಿಕೊಂಡಿವೆ. ಸಂಜೆಯ ಬಸ್ಸು ಹೋದ ಮೇಲೆ ಯಾರಿಗಾದರೂ ಎದೆನೋವು ಬಂದರೆ ಊರಿನಲ್ಲಿರುವ ಒಂದೋ ಎರಡೋ ಗಾಡಿಗಳೇ ಗತಿ. ಹಾಗಾಗಿ ಇಲ್ಲಿಯ ಕೆಲವು ಮನೆಗಳ ಕೊಟ್ಟಿಗೆ ಪಕ್ಕದಲ್ಲಿ ಹಳೆಯ ಅಂಬಾಸಿಡರು, ಪದ್ಮಿನಿ, ಜೀಪುಗಳು ಇನ್ನೂ ಜೀವ ಹಿಡಿದುಕೊಂಡಿವೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಅದರ ದುಡಿಮೆ ನಿಂತಿಲ್ಲ.

ಸಿದ್ದಾಪುರ ಸೀಮೆಯ ನನ್ನ ಮಿತ್ರರೊಬ್ಬರ ಬಳಿ ತಂದೆಯವರು ಕೊಂಡ 1978ರ ಅಂಬಾಸಿಡರ್ ಇದೆ. ಹೃದಯದ ತೊಂದರೆ ಇರುವ ತಾಯಿಯನ್ನು ತಿಂಗಳಿಗೊಮ್ಮೆ ಅದರಲ್ಲೇ ಕರಾವಳಿಯ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಬೇಸಿಗೆಯಲ್ಲಿ ಘಟ್ಟ ಹತ್ತುವಾಗ ಗಾಡಿ ಮುಗ್ಗರಿಸತೊಡಗಿತ್ತು. "ಈ ಪಂಪು ತೆಗೆಸಿ ಕರೆಂಟಿನದು ಹಾಕಿಸಿಬಿಡಲೋ ಮಾಸ್ತರೇ?" ಎಂದು ಅವರು ಕೇಳಿದರು. ಮನೆಯಲ್ಲಿ ಕುಳಿತು ಉತ್ತರ ಹೇಳುವುದಕ್ಕಿಂತ ದಾರಿಯಲ್ಲೇ ನೋಡೋಣವೆಂದು ಕಳೆದ ಏಪ್ರಿಲ್‌ನ ಒಂದು ಬೆಳಿಗ್ಗೆ ಇಬ್ಬರೂ ಹೊರಟೆವು. ತಾಯಿಯವರನ್ನು ಆ ದಿನ ಮನೆಯಲ್ಲೇ ಬಿಟ್ಟಿದ್ದೆವು.

ಸಿದ್ದಾಪುರದಿಂದ ಶಿರಸಿಗೆ ಬರುವ ದಾರಿ ಸೌಮ್ಯವಾದದ್ದು. ಗದ್ದೆ, ತೋಟ, ಬೆಟ್ಟ, ಮತ್ತೆ ಗದ್ದೆ. ಶಿರಸಿಯಲ್ಲಿ ಮಾರಿಕಾಂಬೆಗೆ ಕೈಮುಗಿದು, ದೇವಿಮನೆ ಘಟ್ಟ ಇಳಿದು ಕುಮಟಾ ಸೇರಿದೆವು. ಇಳಿಜಾರಿನಲ್ಲಿ ಇಂಜಿನ್ನಿಗೆ ಕೆಲಸ ಕಡಿಮೆ. ಗಾಡಿ ಒಂದು ಮಾತೂ ಆಡಲಿಲ್ಲ. ನಿಜವಾದ ಪರೀಕ್ಷೆ ಇದ್ದದ್ದು ಅಂಕೋಲಾದಿಂದ ಯಲ್ಲಾಪುರಕ್ಕೆ ಹತ್ತುವ ಅರಬೈಲ್ ಘಟ್ಟದಲ್ಲಿ.

ಮಧ್ಯಾಹ್ನದ ಬಿಸಿಲು. ಮುಂದೆ ಭಾರದ ಲಾರಿಗಳ ಸಾಲು. ಎರಡನೇ ಗೇರಿನಲ್ಲಿ ತೆವಳುತ್ತಾ ಅರ್ಧ ಘಟ್ಟ ಏರುವಷ್ಟರಲ್ಲಿ ತಿರುವಿನಲ್ಲಿ ಲಾರಿಯೊಂದು ಸಿಕ್ಕಿಕೊಂಡು ಎಲ್ಲರೂ ನಿಲ್ಲಬೇಕಾಯಿತು. ಹತ್ತು ನಿಮಿಷ ಇಂಜಿನ್ ಆರಿಸಿದ್ದೆವು. ದಾರಿ ತೆರವಾದಾಗ ನಮ್ಮ ಗಾಡಿ ಏಳಲಿಲ್ಲ!

ಬಾನೆಟ್ ಎತ್ತಿದರೆ ಕಾರಣ ಕಣ್ಣೆದುರಿಗೇ ಇತ್ತು. ಅಂಬಾಸಿಡರಿನ ಮೆಕ್ಯಾನಿಕಲ್ ಪಂಪು ಇಂಜಿನ್ನಿಗೇ ಅಂಟಿಕೊಂಡಿರುತ್ತದೆ. ಒಳಗಿನ ಕ್ಯಾಮ್ ದಂಡ ತಿರುಗಿದಂತೆ ಒಂದು ಸನ್ನೆ ಮೇಲೆ ಕೆಳಗೆ ಆಡಿ, ರಬ್ಬರಿನ ಪೊರೆಯನ್ನು ಎಳೆದು ಬಿಡುತ್ತದೆ. ಎಳೆದಾಗ ಹಿಂದಿನ ಟ್ಯಾಂಕಿನಿಂದ ಪೆಟ್ರೋಲ್ ಬರುತ್ತದೆ. ಬಿಟ್ಟಾಗ ಸ್ಪ್ರಿಂಗ್ ಅದನ್ನು ಕಾರ್ಬ್ಯುರೇಟರಿಗೆ ನೂಕುತ್ತದೆ. ಹೊಗೆ ಹೊರಡುವ ಬಿಸಿ ಕೊಳವೆಯೂ ಇಂಜಿನ್ನಿನ ಅದೇ ಮಗ್ಗುಲಲ್ಲಿದೆ. ಗಾಡಿ ನಿಂತೊಡನೆ ಫ್ಯಾನೂ ನಿಲ್ಲುತ್ತದೆ, ಇಂಜಿನ್ನಿನ ಕಾವೆಲ್ಲ ಪಂಪಿಗೆ ಇಳಿಯುತ್ತದೆ.

ಪೆಟ್ರೋಲ್ ಒಂದೇ ದ್ರವವಲ್ಲ, ಹಲವು ದ್ರವಗಳ ಮಿಶ್ರಣ. ಅದರಲ್ಲಿ ಹಗುರಾದವು ಸುಮಾರು 35–40 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯತೊಡಗುತ್ತವೆ. ಒತ್ತಡ ಕಡಿಮೆಯಾದರೆ ಕುದಿಬಿಂದು ಇಳಿಯುತ್ತದೆ ಎಂಬ ಪಾಠ ಹೈಸ್ಕೂಲಿನ ಮಕ್ಕಳಿಗೂ ಗೊತ್ತು. ಮೆಕ್ಯಾನಿಕಲ್ ಪಂಪು ಟ್ಯಾಂಕಿನಿಂದ ಹೀರುವಾಗ ಕೊಳವೆಯಲ್ಲಿ ಒತ್ತಡವನ್ನು ತಾನೇ ಇಳಿಸುತ್ತದೆ. ಆಗ ದ್ರವವಿರಬೇಕಾದಲ್ಲಿ ಆವಿಯ ಗುಳ್ಳೆ ಕೂರುತ್ತದೆ. ಪೊರೆ ಎಷ್ಟು ಆಡಿದರೂ ಗುಳ್ಳೆ ಹಿಗ್ಗಿ ಕುಗ್ಗುತ್ತದೆಯೇ ಹೊರತು ಪೆಟ್ರೋಲ್ ಮುಂದೆ ಹೋಗದು. ಇದಕ್ಕೇ ವೇಪರ್ ಲಾಕ್ ಎನ್ನುತ್ತಾರೆ.

ಹಳೆಯ ಡ್ರೈವರುಗಳ ಮದ್ದನ್ನೇ ಮಾಡಿದೆವು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ, ಆಗಾಗ ನೀರು ಹನಿಸಿ, ಅದರ ಕೈಸನ್ನೆಯನ್ನು ಒತ್ತುತ್ತಾ ಕುಳಿತೆವು. ಇಪ್ಪತ್ತು ನಿಮಿಷಕ್ಕೆ ಗಾಡಿ ಎದ್ದಿತು. ನಮಗೆ ಅದು ಮಾತಾಡುತ್ತಾ ಕಳೆದ ಸಮಯ. ಹಿಂದಿನ ಸೀಟಿನಲ್ಲಿ ಎದೆ ಹಿಡಿದುಕೊಂಡ ತಾಯಿ ಇದ್ದಿದ್ದರೆ? ಮಿತ್ರರು ಯಲ್ಲಾಪುರ ಮುಟ್ಟುವವರೆಗೆ ಮಾತಾಡಲಿಲ್ಲ.

ಯಲ್ಲಾಪುರದಲ್ಲಿ ಊಟ ಮುಗಿಸಿ, ಬೇಡ್ತಿ ಹೊಳೆ ದಾಟಿ ಶಿರಸಿಗೆ ಮರಳುವಾಗ ತೂಕ ಹಾಕಿ ನೋಡಿದೆವು.

ವಿದ್ಯುತ್ ಪಂಪು ಹೊಸ ವಿಚಾರವೇನಲ್ಲ. ಮಾರಿಸ್ ಮೈನರ್ ಕಾರಿನಲ್ಲಿ ಅದು ಮೊದಲಿನಿಂದಲೂ ಇತ್ತು. ಕೀಲಿ ತಿರುಗಿಸಿದೊಡನೆ ಟಿಕ್ ಟಿಕ್ ಎನ್ನುತ್ತಿತ್ತು. ಅದನ್ನು ಟ್ಯಾಂಕಿನ ಪಕ್ಕ, ತಗ್ಗಿನಲ್ಲಿ ಕೂರಿಸಿದರೆ ಇಂಜಿನ್ನಿನ ಕಾವು ತಾಗದು. ಅದು ದೂರದಿಂದ ಹೀರುವುದಿಲ್ಲ, ಹಿಂದಿನಿಂದ ನೂಕುತ್ತದೆ. ಒತ್ತಡ ಏರಿದಾಗ ಕುದಿಬಿಂದುವೂ ಏರುತ್ತದೆ, ಗುಳ್ಳೆಗೆ ಅವಕಾಶ ಕಡಿಮೆ. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಪಡೆದ ಶೇ. 20 ಎಥನಾಲ್ ಬೆರೆತ ಪೆಟ್ರೋಲಿನ ಕಾಲದಲ್ಲಿ ಇನ್ನೊಂದು ಮಾತೂ ಇದೆ. ಹಳೆಯ ಕಾಲದ ರಬ್ಬರು ಪೊರೆ, ಕೊಳವೆಗಳನ್ನು ಎಥನಾಲ್ ಕೆಡಿಸುತ್ತದೆ. ಪೊರೆ ಹರಿದರೆ ಪೆಟ್ರೋಲ್ ನೇರವಾಗಿ ಇಂಜಿನ್ ಆಯಿಲ್‌ಗೆ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ. ಆಯಿಲ್ ನೋಡುವ ಕಡ್ಡಿಯಲ್ಲಿ ಪೆಟ್ರೋಲ್ ವಾಸನೆ ಬಂದರೆ ಗಾಡಿ ಓಡಿಸಬಾರದು.

ಶಿರಸಿಯ ಗ್ಯಾರೇಜಿನ ಹಿರಿಯ ಮೇಸ್ತ್ರಿ ಮಾತ್ರ ತಲೆಯಾಡಿಸಿದರು. "ಇದು ಕೆಮ್ಮಿ ಕೆಮ್ಮಿ ಸಾಯ್ತದೆ ಮಾಸ್ತರೇ, ಕರೆಂಟಿಂದು ಹೇಳದೇ ಸಾಯ್ತದೆ" ಎಂದರು. ಅದೂ ನಿಜವೇ. ಮೆಕ್ಯಾನಿಕಲ್ ಪಂಪನ್ನು ದಾರಿಬದಿಯಲ್ಲೇ ಬಿಚ್ಚಿ ಪೊರೆ ಬದಲಿಸಬಹುದು. ಸುಟ್ಟ ವಿದ್ಯುತ್ ಪಂಪಿಗೆ ಕಾಡಿನಲ್ಲಿ ಮದ್ದಿಲ್ಲ. ಇನ್ನೂ ದೊಡ್ಡ ಅಪಾಯವೆಂದರೆ ಬೆಂಕಿ. ಇಂಜಿನ್ ನಿಂತರೆ ಮೆಕ್ಯಾನಿಕಲ್ ಪಂಪೂ ನಿಲ್ಲುತ್ತದೆ. ಕೀಲಿ ತಿರುಗಿಸಿಯೇ ಇದ್ದರೆ, ಗಾಡಿ ಹಳ್ಳಕ್ಕೆ ಬಿದ್ದರೂ ವಿದ್ಯುತ್ ಪಂಪು ಒಡೆದ ಕೊಳವೆಯಿಂದ ಪೆಟ್ರೋಲ್ ಸುರಿಯುತ್ತಲೇ ಇರಬಹುದು.

ಕಡೆಗೆ ಆದ ತೀರ್ಮಾನ ಇಷ್ಟು. ವರ್ಷಕ್ಕೆರಡು ಬಾರಿ ಮೆರವಣಿಗೆಗೆ ತೆಗೆಯುವ ಕಾರಾದರೆ ಮೂಲ ಪಂಪೇ ಇರಲಿ. ಎಥನಾಲ್ ತಾಳುವ ಪೊರೆ, ಹೊಸ ಕೊಳವೆ, ಬಿಸಿ ತಡೆಯಲು ನಡುವೆ ಒಂದು ತಗಡು ಸಾಕು. ರೋಗಿಯನ್ನು ಕೂರಿಸಿಕೊಂಡು ಘಟ್ಟ ಹತ್ತುವ ಕಾರಿಗೆ ವಿದ್ಯುತ್ ಪಂಪೇ ವಾಸಿ, ಆದರೆ ಮೂರು ಷರತ್ತುಗಳ ಮೇಲೆ. ಅದು ಕಾರ್ಬ್ಯುರೇಟರ್ ಗಾಡಿಗೆ ತಕ್ಕ ಕಡಿಮೆ ಒತ್ತಡದ್ದಿರಬೇಕು. ಇಂಜೆಕ್ಷನ್ ಕಾರಿನ ಪಂಪು ಹಾಕಿದರೆ ಕಾರ್ಬ್ಯುರೇಟರ್ ಉಕ್ಕಿ ಹರಿಯುತ್ತದೆ. ಫ್ಯೂಸಿನ ಜೊತೆಗೆ, ಗಾಡಿ ಗುದ್ದಿದರೆ ತಾನೇ ಸಂಪರ್ಕ ಕಡಿಯುವ ಸ್ವಿಚ್ಚು ಇರಲೇಬೇಕು. ಹಳೆಯ ಪಂಪನ್ನು ನಡುವೆ ಉಳಿಸದೆ ಬಿಚ್ಚಿ, ಆ ಜಾಗಕ್ಕೆ ಮುಚ್ಚಳ ಹಾಕಬೇಕು. ಇಲ್ಲವಾದರೆ ಅದರ ಪೊರೆ ಹರಿದ ದಿನ ಹೊಸ ಪಂಪು ಪೆಟ್ರೋಲನ್ನು ಆಯಿಲ್‌ಗೇ ನೂಕುತ್ತದೆ.

ಬಿಚ್ಚಿದ ಪಂಪನ್ನು ಗುಜರಿಗೆ ಹಾಕಬೇಡಿ. ಮೇಸ್ತ್ರಿಯ ಮಾತಿಗೆ ಬೆಲೆ ಕೊಟ್ಟು ಮಿತ್ರರು ಅದನ್ನು ಹೊಸ ಪೊರೆಯೊಂದಿಗೆ, ಸ್ಪ್ಯಾನರ್ ಸಮೇತ ಡಿಕ್ಕಿಯಲ್ಲಿ ಇಟ್ಟುಕೊಂಡಿದ್ದಾರೆ.