ಆಟದ ಜೀಪು

ಆಟಿಕೆಗಳಲ್ಲಿ ಅಂಗಡಿಯಿಂದ ಮನೆಗೆ ಬಂದವು ಒಂದು ಬಗೆಯಾದರೆ, ಮನೆಯ ಹಿತ್ತಿಲಿನಲ್ಲಿಯೇ ಹುಟ್ಟಿದವು ಇನ್ನೊಂದು ಬಗೆ. ನನ್ನ ಬಾಲ್ಯದಲ್ಲಿ ಕುಂದಾಪುರದ ಸುತ್ತಲಿನ ಹಳ್ಳಿಗಳಲ್ಲಿ ಮೊದಲನೆಯ ಬಗೆಯವು ಜಾತ್ರೆಯ ದಿನ ಮಾತ್ರ ಕಣ್ಣಿಗೆ ಬೀಳುತ್ತಿದ್ದವು. ಎರಡನೆಯ ಬಗೆಗೆ ಎಂದೂ ಬರವಿರಲಿಲ್ಲ. ಅಡಕೆಯ ಹಾಳೆಯ ಮೇಲೆ ಒಬ್ಬನು ಕುಳಿತು, ಇನ್ನೊಬ್ಬನು ಅದರ ಸೋಗೆಯನ್ನು ಹಿಡಿದು ಎಳೆದನೆಂದರೆ ಅದೇ ನಮ್ಮ ಮೋಟಾರು. ಉದುರಿದ ತೆಂಗಿನ ಮಿಡಿಗಳೆರಡಕ್ಕೆ ಹಿಡಿಕಡ್ಡಿಯನ್ನು ಚುಚ್ಚಿದರೆ ಅಚ್ಚು, ಗಾಲಿ ಎರಡೂ ಸಿದ್ಧ. ಹರಿದ ಹವಾಯಿ ಚಪ್ಪಲಿಯನ್ನು ದುಂಡಗೆ ಕತ್ತರಿಸಿದರೆ ರಬ್ಬರಿನ ಚಕ್ರ. ಈ ವಾಹನಗಳು ತಾವಾಗಿ ಓಡುತ್ತಿರಲಿಲ್ಲವೆಂಬುದೊಂದೇ ಕೊರತೆ. ಅದನ್ನು ನಮ್ಮ ಕಾಲುಗಳೂ ಬಾಯಿಯ ಸದ್ದೂ ಸೇರಿ ತುಂಬಿಕೊಡುತ್ತಿದ್ದವು.

ಈ ಕಲೆ ಇಂದು ಸಂಪೂರ್ಣವಾಗಿ ಅಳಿದುಹೋಯಿತೆಂದು ಮರುಗುವವರಿದ್ದಾರೆ. ನಾನು ಆ ಗುಂಪಿಗೆ ಸೇರಿದವನಲ್ಲ. ಕರಾವಳಿಯ ಖಾಸಗಿ ಬಸ್ಸುಗಳ ಪ್ರತಿಕೃತಿಗಳನ್ನು ಫೋಮ್ ಹಾಳೆಯಲ್ಲಿ ಕೊರೆದು, ಬಣ್ಣ, ಹೆಸರು, ದೀಪಗಳ ಸಹಿತ ನಿರ್ಮಿಸುವ ತರುಣರು ನಮ್ಮ ಜಿಲ್ಲೆಯಲ್ಲಿ ಈಗಲೂ ಇದ್ದಾರೆ. ಆದರೆ ನಾನು ಹೇಳಹೊರಟಿರುವುದು, ಮೊದಲನೆಯ ಬಗೆಯದಾಗಿ ಮನೆಗೆ ಬಂದು, ಕ್ರಮೇಣ ಎರಡನೆಯ ಬಗೆಗೆ ಸೇರಿಹೋದ ಒಂದು ಆಟಿಕೆಯ ಸಂಗತಿಯನ್ನು.

ನನ್ನ ಮಗ ಮಸ್ಕತ್ತಿನಲ್ಲಿ ಭಾರವಾಹನಗಳ ದುರಸ್ತಿಯ ಕೆಲಸದಲ್ಲಿದ್ದಾನೆ. ಅವನ ಮಗ ನಮ್ಮೊಡನಿದ್ದು ಎಂಟನೆಯ ತರಗತಿಯಲ್ಲಿ ಓದುತ್ತಿದ್ದಾನೆ. ತಂದೆಮಕ್ಕಳ ದಿನನಿತ್ಯದ ದೂರವಾಣಿ ಸಂಭಾಷಣೆ ನನಗೆ ಕಂಠಪಾಠವಾಗಿತ್ತು. “ಉಂಡ್ಯಾ?” “ಹೂಂ.” “ಓದ್ತಾ ಇದ್ಯಾ?” “ಹೂಂ.” “ಅಜ್ಜಯ್ಯಂಗೆ ಕೊಡ್.” ಇಷ್ಟೇ. ಇಬ್ಬರಲ್ಲಿಯೂ ಪ್ರೀತಿಗೆ ಕೊರತೆಯಿರಲಿಲ್ಲ, ಮಾತಿಗೊಂದು ವಿಷಯವಿರಲಿಲ್ಲ. ಕಳೆದ ದೀಪಾವಳಿಗೆ ಆ ತಂದೆ, ಊರಿಗೆ ಬರುವ ಸ್ನೇಹಿತನೊಬ್ಬನ ಕೈಯಲ್ಲಿ ಮಗನಿಗೊಂದು ಪೆಟ್ಟಿಗೆಯನ್ನು ಕಳುಹಿಸಿದ. ಅದರೊಳಗಿದ್ದುದು ರೇಡಿಯೊ ನಿಯಂತ್ರಣದ ಜೀಪು.

ಅದನ್ನು ಆಟಿಕೆಯೆಂದು ಕರೆಯಲು ಮೊದಲು ನನಗೆ ಮನಸ್ಸೇ ಬರಲಿಲ್ಲ. ನಿಜವಾದ ಜೀಪಿನ ಹತ್ತನೆಯ ಒಂದರಷ್ಟು ಅಳತೆ. ಒಂದೂವರೆ ಅಡಿ ಉದ್ದ. ಎರಡು ಕಿಲೊ ತೂಕ. ನಾಲ್ಕು ಗಾಲಿಗಳಿಗೂ ಎಂಜಿನ್ನಿನ ಬಲ ಹಂಚಿಹೋಗುವ ಅಚ್ಚುಗಳು, ಸ್ಪ್ರಿಂಗುಗಳು, ಹಲ್ಲುಗಾಲಿಗಳು ಎಲ್ಲವೂ ಅದರಲ್ಲಿದ್ದವು. ಹುಡುಗನ ಕೈಯಲ್ಲಿರುವ ಪೆಟ್ಟಿಗೆ ಸೆಕೆಂಡಿಗೆ 240 ಕೋಟಿ ಸಲ ಕಂಪಿಸುವ ರೇಡಿಯೊ ಅಲೆಗಳನ್ನು ಹೊರಡಿಸುತ್ತದೆ. ಜೀಪಿನೊಳಗಿನ ಗ್ರಾಹಕ ಆ ಅಲೆಗಳಲ್ಲಿ ಅಡಗಿರುವ ಅಪ್ಪಣೆಯನ್ನು ಓದಿ, ಮುಂದಿನ ಗಾಲಿಗಳನ್ನು ಹೊರಳಿಸುವ ಪುಟ್ಟ ಮೋಟಾರಿಗೆ ಸೆಕೆಂಡಿಗೆ ಸುಮಾರು 50 ಸಲ ವಿದ್ಯುತ್ತಿನ ಮಿಡಿತವನ್ನು ಕಳುಹಿಸುತ್ತದೆ. ಮಿಡಿತ ಒಂದೂವರೆ ಮಿಲಿಸೆಕೆಂಡು ಇದ್ದರೆ ಗಾಲಿ ನೇರ. ಒಂದಕ್ಕೆ ಇಳಿದರೆ ಒಂದು ಮಗ್ಗುಲು, ಎರಡಕ್ಕೆ ಏರಿದರೆ ಮತ್ತೊಂದು ಮಗ್ಗುಲು. ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತಿನಲ್ಲಿ ಹಲವು ಅಪ್ಪಣೆಗಳು ಬಂದು ಪಾಲನೆಯಾಗಿರುತ್ತವೆ. ಇಂಥ ವಿಧೇಯತೆಯನ್ನು ಮೂವತ್ತೈದು ವರ್ಷಗಳ ಅಧ್ಯಾಪಕ ವೃತ್ತಿಯಲ್ಲಿ ನಾನು ಕಂಡುದಿಲ್ಲ!

ತಂತಿಯಿಲ್ಲದೆ ದೂರದಿಂದ ಯಂತ್ರವನ್ನು ನಡೆಸುವ ಈ ವಿದ್ಯೆ ಹೊಸದೇನಲ್ಲ. 1898ರಲ್ಲಿಯೇ ನಿಕೊಲಾ ಟೆಸ್ಲಾ ನ್ಯೂಯಾರ್ಕ್ ನಗರದಲ್ಲಿ, ನೀರಿನ ತೊಟ್ಟಿಯಲ್ಲಿ ತೇಲುತ್ತಿದ್ದ ಚಿಕ್ಕ ದೋಣಿಯೊಂದನ್ನು ರೇಡಿಯೊ ಅಲೆಗಳಿಂದ ನಡೆಸಿ ತೋರಿಸಿ ಜನರನ್ನು ಬೆರಗುಗೊಳಿಸಿದ್ದನು. ಅದೇ ದಶಕದಲ್ಲಿ ನಮ್ಮ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ, ಗೋಡೆಯನ್ನು ದಾಟಿ ಹೋದ ಅಲೆಗಳಿಂದ ಗಂಟೆಯನ್ನು ಬಾರಿಸಿದ್ದರು. ಆದರೆ ಜೀಪನ್ನು ಕಂಡಾಗ ನನ್ನ ನೆನಪಿಗೆ ಬಂದುದು ಅಷ್ಟು ದೂರದ್ದಲ್ಲ, ಕುಂದಾಪುರದ ಪಕ್ಕದಲ್ಲಿಯೇ ಇರುವ ಉಪ್ಪಿನಕುದ್ರು. ಅಲ್ಲಿಯ ಕಾಮತ ಮನೆತನದವರು ತಲೆಮಾರುಗಳಿಂದ ನಡೆಸಿಕೊಂಡು ಬಂದಿರುವ ಯಕ್ಷಗಾನ ಗೊಂಬೆಯಾಟದಲ್ಲಿ, ಮೊಳದೆತ್ತರದ ಮರದ ಗೊಂಬೆ ಸೂತ್ರದಿಂದ ಕುಣಿಯುತ್ತದೆ. ಗೊಂಬೆ ಹೇಗೆ ಹೆಜ್ಜೆಯಿಡುವುದೆಂಬುದನ್ನು ಸೂತ್ರವನ್ನು ಹಿಡಿದ ಬೆರಳು ಬಲ್ಲುದು. ಜೀಪಿನ ಸೂತ್ರ ಕಣ್ಣಿಗೆ ಕಾಣದು. ಆದರೆ ಬೆರಳಿನ ಕೆಲಸ ಬೇರೆಯಲ್ಲ.

ನಮ್ಮ ಮನೆಯ ಹಿಂದೆ ಹಾಡಿಯೊಂದಿದೆ. ಅದರಾಚೆಯ ಹಕ್ಕಲಿನಲ್ಲಿ ಹಿಂದೆ ಮುರಕಲ್ಲನ್ನು ಕೊರೆದು ತೆಗೆದ, ಹೆಚ್ಚು ಆಳವಿಲ್ಲದ ತಗ್ಗಿದೆ. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಕೆಂಪುಗೋಡೆ, ರಂಧ್ರಮಯವಾದ ಒರಟುನೆಲ, ಮಳೆಗಾಲದ ಕೊನೆಗೆ ಉಳಿಯುವ ಹಸಿರು ಪಾಚಿ. ಬೇಸಗೆಯಲ್ಲಿ ಹುಡುಗ ಅದನ್ನೇ ತನ್ನ ಕೊಡಚಾದ್ರಿಯೆಂದು ಕರೆದು ಜೀಪನ್ನು ಏರಿಸತೊಡಗಿದ. ಮುರಕಲ್ಲಿಗೆ ಯಾರ ಮೇಲೂ ದಾಕ್ಷಿಣ್ಯವಿಲ್ಲ. ಎರಡನೆಯ ವಾರದಲ್ಲಿಯೇ ಜೀಪು ಅಂಚಿನಿಂದುರುಳಿ, ಮುಂದಿನ ಎರಡು ಗಾಲಿಗಳನ್ನು ಜೋಡಿಸುವ ಕಡ್ಡಿ ಬಿಲ್ಲಿನಂತೆ ಬಾಗಿತು.

ಕುಂದಾಪುರದಲ್ಲಿ, ಬ್ರಹ್ಮಾವರದಲ್ಲಿ ವಿಚಾರಿಸಿದೆವು. ನಿಜವಾದ ಜೀಪಿನ ಯಾವ ಅಂಗವನ್ನಾದರೂ ಕೊಡುವೆವೆಂದರು. ಈ ಬೆರಳುದ್ದದ ಕಡ್ಡಿ ಅವರಲ್ಲಿರಲಿಲ್ಲ. ಹುಡುಗ ಜೀಪನ್ನು ಮಂಚದ ಕೆಳಗೆ ತಳ್ಳಿ ಸುಮ್ಮನಾದ. ತಂದೆಗೆ ತಿಳಿಸುವ ಧೈರ್ಯ ಅವನಿಗಿರಲಿಲ್ಲ. ಅದರ ಬೆಲೆಯೆಷ್ಟೆಂಬುದೂ, ಅಲ್ಲಿಯ ಬಿಸಿಲಿನಲ್ಲಿ ದುಡಿದ ಎಷ್ಟು ದಿನಗಳ ಸಂಪಾದನೆ ಅದಾಗಿತ್ತೆಂಬುದೂ ಅವನಿಗೆ ತಿಳಿದಿತ್ತು. ನಾಲ್ಕನೆಯ ದಿನ ತಂದೆಯೇ “ಜೀಪು ಹೇಗಿದೆ?” ಎಂದು ಕೇಳಿದಾಗ ಹುಡುಗನಿಗೆ ಅಳು ಬಂತು. ಹೇಳಿಬಿಟ್ಟ. ಆ ಕಡೆ ಸ್ವಲ್ಪ ಹೊತ್ತು ಮೌನ. ಬಳಿಕ ಬಂದ ಪ್ರಶ್ನೆ ಬೈಗುಳವಾಗಿರಲಿಲ್ಲ: “ಯಾವ ಬದಿಗೆ ಬಾಗಿದೆ? ಮುಂದಕ್ಕಾ, ಹಿಂದಕ್ಕಾ?”

ಅಂದು ಅವರ ಮಾತು ಮುಗಿಯುವಾಗ ಮುಕ್ಕಾಲು ಗಂಟೆಯಾಗಿತ್ತು. ಅಜ್ಜಯ್ಯನಿಗೆ ಕೊಡುವುದು ಇಬ್ಬರಿಗೂ ಮರೆತುಹೋಗಿತ್ತು.

ಮುರಿದ ಕೊಡೆಗೆ ನಮ್ಮೂರಿನಲ್ಲಿ ಬಡತನವಿಲ್ಲ. ನಾಲ್ಕು ತಿಂಗಳ ಮಳೆ ಪ್ರತಿ ಮನೆಗೂ ಒಂದೆರಡನ್ನು ದಯಪಾಲಿಸುತ್ತದೆ. ಅಟ್ಟದಿಂದ ಒಂದನ್ನು ಇಳಿಸಿದೆವು. ಬಾಗಿದ ಕಡ್ಡಿಯ ಎರಡು ತುದಿಗಳ ಕೀಲುಗಳನ್ನು ಬಿಚ್ಚಿ, ತಿರುಪಿನ ಸುತ್ತುಗಳುಳ್ಳ ಮೂರು ಮಿಲಿಮೀಟರಿನ ಸರಳೊಂದಕ್ಕೆ ಸಿಕ್ಕಿಸಿ, ಸರಳಿನ ಮೇಲೆ ಕೊಡೆಯ ಉಕ್ಕಿನ ಕೊಳವೆಯ ತುಂಡನ್ನು ಕವಚದಂತೆ ತೊಡಿಸಬೇಕು. ಹೇಳಲು ಸುಲಭ. ಮೊದಲ ತುಂಡು ಒಂದೂವರೆ ಮಿಲಿಮೀಟರು ಉದ್ದವಾಯಿತು. ಗಾಲಿಗಳೆರಡೂ ಜಗಳವಾಡಿದ ಅಣ್ಣತಮ್ಮಂದಿರಂತೆ ಬೇರೆ ಬೇರೆ ಕಡೆ ಮುಖ ಮಾಡಿದವು. ಎರಡನೆಯದು ಗಿಡ್ಡವಾಯಿತು. ಮೂರನೆಯದನ್ನು ಹುಡುಗ ಅರದಿಂದ ಉಜ್ಜುತ್ತ, ಅಳೆಯುತ್ತ, ಮತ್ತೆ ಉಜ್ಜುತ್ತ ಒಂದು ಭಾನುವಾರವನ್ನೇ ಕಳೆದ. ಗಣಿತದ ಪುಸ್ತಕದಲ್ಲಿ ದಶಾಂಶ ಬಿಂದುವನ್ನು ಎಲ್ಲೆಂದರಲ್ಲಿ ಇಡುತ್ತಿದ್ದ ಹುಡುಗ ಅವನೇ ಎಂದು ನಂಬುವುದು ಕಷ್ಟವಾಯಿತು. ಕಡ್ಡಿ ಕುಳಿತಿತು. ಅದು ಕಪ್ಪುಬಣ್ಣದ ಅಂದವಾದ ಯಂತ್ರದಲ್ಲಿ ತೇಪೆಯಂತೆ ಕಾಣುತ್ತದೆ. ಆದರೆ ಇಂದಿಗೂ ಬಾಗಿಲ್ಲ.

ಉಳಿದ ಕೊಡೆಯೂ ವ್ಯರ್ಥವಾಗಲಿಲ್ಲ. ಕೊಡೆಯ ಕಡ್ಡಿಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಅದು ಗುಂಡಾದ ಸರಿಗೆಯಲ್ಲ, ಮಡಿಸಿದ ತೆಳುತಗಡು ಎಂಬುದು ಕಾಣುತ್ತದೆ. ಚಪ್ಪಟೆ ತಗಡು ಬೆರಳಿಗೇ ಬಾಗುತ್ತದೆ. ಅದನ್ನೇ ಮೋರಿಯ ಆಕಾರಕ್ಕೆ ಮಡಿಸಿದರೆ ಗಾಳಿಮಳೆಗೂ ಬಗ್ಗದು. ಆ ಕಡ್ಡಿಗಳಿಂದ ಜೀಪಿನ ನೆತ್ತಿಯ ಮೇಲೆ ಸಾಮಾನು ಹೇರುವ ಚೌಕಟ್ಟು ಸಿದ್ಧವಾಯಿತು. ಹಾಳೆಯಿಂದ ಬಾಗಿಲುಗಳ ಒಳಮೈ, ಚಪ್ಪಲಿಯ ರಬ್ಬರಿನಿಂದ ಆಸನಗಳು. ಮಳೆಗಾಲಕ್ಕೆ ಮೊದಲು ರೇಡಿಯೊ ಗ್ರಾಹಕವನ್ನು ಬಲೂನಿನೊಳಗಿಟ್ಟು ಬಾಯಿಯನ್ನು ಬಿಗಿಯಲಾಯಿತು. ಮರವಂತೆಯ ಕಡಲದಂಡೆಗೆ ಮಾತ್ರ ಒಯ್ಯಕೂಡದೆಂದು ಮಸ್ಕತ್ತಿನಿಂದ ಅಪ್ಪಣೆಯಾಯಿತು: ಉಪ್ಪು ಕಬ್ಬಿಣವನ್ನು ತಿನ್ನುತ್ತದೆ, ಮರಳು ಹಲ್ಲುಗಾಲಿಯನ್ನು ತಿನ್ನುತ್ತದೆ.

ಇನ್ನೂ ದೊಡ್ಡ ತೊಡಕೊಂದು ಉಳಿದಿತ್ತು. ಕಡಿದಾದ ಏರಿನಲ್ಲಿ ಜೀಪು ಮುಂಗಾಲೆತ್ತಿ ಬೆನ್ನಡಿಯಾಗಿ ಬೀಳುತ್ತಿತ್ತು. ಇಳಿಜಾರಿನಲ್ಲಿ ಓರೆಯಾಗಿ ಸಾಗುವಾಗ ಮಗ್ಗುಲಾಗುತ್ತಿತ್ತು. ಸಾಮಾನಿನ ಚೌಕಟ್ಟು ಬಂದ ಮೇಲೆ ಇದು ಹೆಚ್ಚಾಯಿತು. ನೀವು ವಿಜ್ಞಾನದ ಪಾಠದಲ್ಲಿ ಗುರುತ್ವಕೇಂದ್ರವೆಂಬ ಮಾತನ್ನು ಕೇಳಿರಬಹುದು. ಎಡಬಲ ಗಾಲಿಗಳ ನಡುವೆ 20 ಸೆಂಟಿಮೀಟರು ಅಂತರವಿದ್ದು, ಗುರುತ್ವಕೇಂದ್ರ ನೆಲದಿಂದ 10 ಸೆಂಟಿಮೀಟರು ಎತ್ತರದಲ್ಲಿದ್ದರೆ, ವಾಹನ 45 ಡಿಗ್ರಿ ವಾಲಿದೊಡನೆ ಉರುಳುತ್ತದೆ. ಆ ಕೇಂದ್ರವನ್ನು 8 ಸೆಂಟಿಮೀಟರಿಗೆ ಇಳಿಸಿದರೆ 51 ಡಿಗ್ರಿಯವರೆಗೂ ನಿಲ್ಲುತ್ತದೆ. ಈ ಲೆಕ್ಕ ದೊಡ್ಡ ಜೀಪಿಗೂ ಚಿಕ್ಕ ಜೀಪಿಗೂ ಒಂದೇ. ಹಾಗಾದರೆ ಭಾರವನ್ನು ತಗ್ಗಿನಲ್ಲಿಡಬೇಕು. ಏರನ್ನು ಹತ್ತುವುದಕ್ಕಾಗಿ ಮುಂದೆಯೂ ಇಡಬೇಕು. ಮುಂದಿನ ಗಾಲಿಗಳಿಗಿಂತ ತಗ್ಗಾದ, ಮುಂದಾದ ಜಾಗ ಎಲ್ಲಿದೆ?

ಉತ್ತರ ಸಿಕ್ಕಿದುದು ಹೊಳೆಯಾಚೆಯ ಗಂಗೊಳ್ಳಿಯಲ್ಲಿ. ಬಲೆ ನೀರಿನಲ್ಲಿ ಮುಳುಗಲೆಂದು ಮೀನುಗಾರರು ಅದರ ಅಂಚಿಗೆ ಸೀಸದ ಮಣಿಗಳನ್ನು ಕಟ್ಟುತ್ತಾರೆ. ಹಳೆಯ ಬಲೆಯನ್ನು ಬಿಚ್ಚುತ್ತಿದ್ದ ಹಿರಿಯರೊಬ್ಬರು ಹುಡುಗನ ಪ್ರಶ್ನೆಗಳನ್ನೆಲ್ಲ ಕೇಳಿ, “ಗಾಡಿಗೂ ಬಲೆಗೂ ಎಂತ ಸಂಬಂಧವೋ!” ಎಂದು ನಕ್ಕು ಒಂದು ಹಿಡಿಯನ್ನು ಕೊಟ್ಟರು. ಹಣ ಮುಟ್ಟಲಿಲ್ಲ. ಒಂದೊಂದು ಗಾಲಿಯ ಒಳಸುತ್ತಿಗೆ 200 ಗ್ರಾಮಿನಂತೆ ಮಣಿಗಳನ್ನು ಸಾಲಾಗಿ ಅಂಟಿಸಿ ಪಟ್ಟಿ ಸುತ್ತಲಾಯಿತು. ಸೀಸ ವಿಷವಸ್ತು, ಅದನ್ನು ಕಾಯಿಸಬಾರದು, ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯದೆ ಬಾಯಿಯ ಬಳಿಗೆ ಒಯ್ಯಬಾರದು. ಈ ಒಂದು ವಿಷಯದಲ್ಲಿ ನಾನು ಹಳೆಯ ಮಾಷ್ಟ್ರಾಗಿಯೇ ನಡೆದುಕೊಂಡೆ. ಮರುದಿನ ಜೀಪು ಅದುವರೆಗೆ ಉರುಳುತ್ತಿದ್ದ ಮೆಟ್ಟಿಲಿನ ಮೇಲೆ ಮುಂಗಾಲನ್ನು ಊರಿ, ಕ್ಷಣಕಾಲ ಯೋಚಿಸುವಂತೆ ನಿಂತು, ಮೇಲಕ್ಕೇರಿತು.

ಏರಿತಾದರೂ ಅದರ ನಡಿಗೆ ನನ್ನ ಕಣ್ಣಿಗೆ ಒಪ್ಪಲಿಲ್ಲ. ಚಿಗಟೆಯಂತೆ ಹಾರುತ್ತಿತ್ತು. ಇದಕ್ಕೂ ಕಾರಣವುಂಟು. ಅಳತೆಯನ್ನು ಹತ್ತರಲ್ಲೊಂದಕ್ಕೆ ಇಳಿಸಿದ ತಯಾರಕರು ಭೂಮಿಯ ಆಕರ್ಷಣೆಯನ್ನು ಇಳಿಸಲಾರರು. ಹತ್ತರಲ್ಲೊಂದರಷ್ಟು ಎತ್ತರದಿಂದ ಬೀಳುವ ವಸ್ತು ಸುಮಾರು ಮೂರರಲ್ಲೊಂದು ಹೊತ್ತಿನಲ್ಲಿ ನೆಲವನ್ನು ಮುಟ್ಟುತ್ತದೆ. ಆದುದರಿಂದ ಚಿಕ್ಕದರ ಚಲನೆಯೆಲ್ಲ ಅವಸರದ್ದಾಗಿ ಕಾಣುತ್ತದೆ. ಸಿನಿಮಾದವರು ಪುಟ್ಟ ಮಾದರಿಗಳನ್ನು ಹೆಚ್ಚು ವೇಗದಲ್ಲಿ ಚಿತ್ರೀಕರಿಸಿ, ನಿಧಾನವಾಗಿ ತೋರಿಸಿ ನಮ್ಮನ್ನು ನಂಬಿಸುವುದು ಇದಕ್ಕಾಗಿಯೇ.

ಹುಡುಗನಿಗೆ ನಿಜವಾದ ಜೀಪಿನ ನಡಿಗೆಯನ್ನು ತೋರಿಸಬೇಕೆಂದು ಬೈಂದೂರು ತಾಲೂಕಿನ ಕೊಲ್ಲೂರಿಗೆ ಕರೆದೊಯ್ದೆ. ಅಲ್ಲಿಂದ 1343 ಮೀಟರು ಎತ್ತರದ ಕೊಡಚಾದ್ರಿಗೆ ಯಾತ್ರಿಕರನ್ನು ಒಯ್ಯುವ ಜೀಪುಗಳಿವೆ. ಕೊನೆಯ ಭಾಗದ ಹಾದಿಯನ್ನು ಹಾದಿಯೆನ್ನುವುದು ಉಪಚಾರದ ಮಾತು. ಕಲ್ಲು, ಕೊರಕಲು, ತಿರುವು. ಹುಡುಗ ಚಾಲಕನ ಪಕ್ಕದಲ್ಲಿ ಕುಳಿತು ಅವನ ಮುಖವನ್ನು ನೋಡಲಿಲ್ಲ, ಕಾಲನ್ನೇ ನೋಡುತ್ತಿದ್ದ. “ಇಲ್ಲಿ ಗೇರ್ ಬದಲ್ಸುಕಾಗ ಮಾಷ್ಟ್ರೆ, ಒಂದೇ ಗೇರಂಗೆ ಹೋಯ್ಕ್” ಎಂದ ಚಾಲಕ. ನಿಧಾನವಾಗಿ ತಿರುಗಿದಷ್ಟೂ ಗಾಲಿಗೆ ಸಿಗುವ ಬಲ ಹೆಚ್ಚು. ಅಂದು ರಾತ್ರಿ ಮಸ್ಕತ್ತಿಗೆ ಹೋದ ವರದಿಯಲ್ಲಿ ಬೆಟ್ಟದ ಸೌಂದರ್ಯದ ಬಗ್ಗೆ ಒಂದು ಮಾತೂ ಇರಲಿಲ್ಲ. ಮೋಟಾರಿನ ತುದಿಯ 15 ಹಲ್ಲುಗಳ ಗಾಲಿಯನ್ನು ತೆಗೆದು 11 ಹಲ್ಲುಗಳದನ್ನು ಹಾಕುವುದೆಂದು ತೀರ್ಮಾನವಾಯಿತು. ಅದನ್ನು ಮನೆಯಲ್ಲಿ ಕೊರೆಯಲಾಗದು. ಹಲ್ಲೊಂದು ಕೂದಲೆಳೆಯಷ್ಟು ತಪ್ಪಿದರೂ ಪಕ್ಕದ ಗಾಲಿ ಹಾಳಾಗುತ್ತದೆ. ಅದನ್ನು ಬೆಂಗಳೂರಿನಿಂದ ತರಿಸಿದೆವು. ಎಲ್ಲವನ್ನೂ ಕೈಯಿಂದಲೇ ಮಾಡುವೆವೆಂಬ ಹಟ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಈಗ ಜೀಪು ತೆವಳುತ್ತದೆ. ಕೊಲ್ಲೂರಿನ ಜೀಪಿನಂತೆಯೇ ಒಂದು ಗಾಲಿಯನ್ನು ಕಲ್ಲಿನ ಮೇಲಿಟ್ಟು, ಮೈಯನ್ನು ಓರೆಮಾಡಿ, ಮತ್ತೊಂದನ್ನು ಎಳೆದುಕೊಳ್ಳುತ್ತದೆ.

ಮೇ ತಿಂಗಳಿನಲ್ಲಿ ನನ್ನ ಮಗ ರಜೆಯಲ್ಲಿ ಬರುವವನಿದ್ದಾನೆ. ಏನು ತರಲೆಂದು ಕೇಳಿದ್ದಕ್ಕೆ ಹುಡುಗ ಪಟ್ಟಿಯನ್ನು ಓದಿಹೇಳಿದ: ಎರಡು ಮಿಲಿಮೀಟರಿನ ಡ್ರಿಲ್ ಬಿಟ್ಟುಗಳು ನಾಲ್ಕು, ತೂತಿನೊಳಗೆ ತಿರುಪಿನ ಸುತ್ತನ್ನು ಕೊರೆಯುವ ಟ್ಯಾಪ್ ಒಂದು, ಸಣ್ಣ ಮೊನೆಯ ಬೆಸುಗೆಕಡ್ಡಿ ಒಂದು, ಮಿಲಿಮೀಟರಿನ ಹತ್ತನೆಯ ಒಂದಂಶವನ್ನು ಅಳೆಯುವ ಅಳತೆಪಟ್ಟಿ. ತಂದೆ ಎಲ್ಲವನ್ನೂ ಬರೆದುಕೊಂಡ.

“ಹಿಂದಿನ ಅಚ್ಚು ಸದ್ದು ಮಾಡ್ತಿತ್ ಅಂದ್ಯಲ್ಲ, ಅದನ್ನ್ ನಾನ್ ಬಂದ ಮೇಲೆ ಒಟ್ಟಿಗೆ ಬಿಚ್ಚಿ ಕಾಂಬ. ಅಲ್ಲಿವರೆಗೆ ಮುಟ್ಟಬೇಡ” ಎಂದ.

ಹುಡುಗ ನನ್ನ ಕಡೆಗೊಮ್ಮೆ ನೋಡಿದ. ಹಳೆಯ ಪತ್ರಿಕೆಯ ಮೇಲೆ, ಬಿಚ್ಚಿದ ಕ್ರಮದಲ್ಲಿಯೇ ಸಾಲಾಗಿ ಇರಿಸಿದ ಹಲ್ಲುಗಾಲಿಗಳು, ಬೇರಿಂಗುಗಳು, ತಿರುಪುಗಳು ನಮ್ಮಿಬ್ಬರ ನಡುವೆ ಹರಡಿದ್ದವು.

“ಅದನ್ನ್ ನಿನ್ನೆಯೇ ಬಿಚ್ಚಿ ಆಯ್ತ್, ಅಪ್ಪಯ್ಯ” ಎಂದ.